ಚಪ್ಪಲಿ ಗೂಡಿನಲ್ಲಿ ನನ್ನ ಉಸಿರು

ಕಾಯಿಲೆಯ ಬಗ್ಗೆ ಬರೆದವರೆಲ್ಲ ಕೊನೆಗೆ ಎಲ್ಲರನ್ನೂ ಕ್ಷಮಿಸಿಬಿಡುತ್ತಾರೆ. ಕಾಯಿಲೆ ತಮಗೆ ತಾಳ್ಮೆ ಕಲಿಸಿತು ಅನ್ನುತ್ತಾರೆ. ನನಗೆ ದಮ್ಮು, ಅಂದರೆ ಉಬ್ಬಸ, ಯಾವ ತಾಳ್ಮೆಯನ್ನೂ ಕಲಿಸಲಿಲ್ಲ. ಯಾರು ಏನಂದರು, ಎಲ್ಲಿ ನಿಂತು ಅಂದರು, ಆಗ ಅವರ ಕೈಯಲ್ಲಿ ಏನಿತ್ತು ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವುದನ್ನು ಕಲಿಸಿತು. ಹದಿನೈದು ವರ್ಷ ಆಯಿತು, ಒಂದೂ ಮರೆತಿಲ್ಲ.

ಈಗ ಆರಾಮಿದ್ದೇನೆ. ದಮ್ಮು ಹೋಗಿಲ್ಲ, ಅದು ಹೋಗುವಂಥದ್ದೂ ಅಲ್ಲ. ದಿನಾ ಬೆಳಿಗ್ಗೆ ಸಂಜೆ ಔಷಧಿಯ ಪಂಪು ಎಳೆದುಕೊಂಡು, ಸಾಲಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ, ಮನೆಗೆ ಬಂದು ರೊಟ್ಟಿ ಬಡಿಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಎದೆಯೊಳಗೆ ಸೀಟಿ ಊದುವ ಶಬ್ದ ಗೊತ್ತಿದ್ದರೆ, ಮನೆಯವರು ಅದನ್ನು ಕೇಳಿಯೂ ಕೇಳದವರಂತೆ ಕುಳಿತದ್ದು ಗೊತ್ತಿದ್ದರೆ, ಇದು ನಿಮಗಾಗಿ. ಉಳಿದವರು ಓದಿ ಸಿಟ್ಟಾದರೆ ಆಗಲಿ.

ನಾನು ನಾಲವಾರದವಳು. ಸ್ಟೇಷನ್ನಿನ ಹತ್ತಿರವೇ ನಮ್ಮ ಮನೆ, ಅಪ್ಪ ಸಾಲಿ ಮಾಸ್ತರರು. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಚಿತ್ತಾಪುರಕ್ಕೆ ಬಂದೆ. ಅಲ್ಲಿ ಮೂರೇ ಮಂದಿ: ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಅವರ ತಾಯಿ, ನಾನು. ಮಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ನಮ್ಮದು ವೈಷ್ಣವರ ಮನೆ, ಮಡಿ ಜೋರು. ಸ್ನಾನ ಮಾಡಿ ಮಡಿ ಸೀರೆ ಉಟ್ಟ ಮೇಲೆ ಅಡುಗೆ ಮುಗಿದು ನೈವೇದ್ಯ ಆಗುವವರೆಗೆ ಹೊರಗಿನ ಏನನ್ನೂ, ಯಾರನ್ನೂ ಮುಟ್ಟುವಂತಿಲ್ಲ. ನನ್ನ ತವರಿನಲ್ಲೂ ಮಡಿ ಇತ್ತು, ಆದರೆ ಅಲ್ಲಿ ಮಡಿಯನ್ನು ಮನುಷ್ಯರು ಮಾಡುತ್ತಿದ್ದರು. ಇಲ್ಲಿ ಅತ್ತೆ ಮಾಡುತ್ತಿದ್ದರು.

ಎರಡನೆಯ ವರ್ಷ, ತೊಗರಿ ರಾಶಿಯ ಹೊತ್ತಿನಲ್ಲಿ ದಮ್ಮು ಬಂತು. ಹಿಂದಿನ ಬಯಲಿನಲ್ಲಿ ರಾಶಿ ನಡೆದು ಊರೆಲ್ಲ ಹೊಟ್ಟು ಹಾರುತ್ತಿತ್ತು. ಮೊದಲು ನೆಗಡಿ ಅಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಬಾವಿಯಿಂದ ಕೊಡ ಹೊತ್ತು ಬಂದವಳು ಹೊಸ್ತಿಲಲ್ಲೇ ಕುಳಿತುಬಿಟ್ಟೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ದಮ್ಮು ಇಲ್ಲದವರಿಗೆ ಇದು ತಿಳಿಯುವುದಿಲ್ಲ. ಗಾಳಿ ಸಿಗುವುದಿಲ್ಲ ಎಂದು ಅವರು ತಿಳಿದಿರುತ್ತಾರೆ. ಸಿಕ್ಕ ಗಾಳಿಯನ್ನು ಬಿಡಲಾಗದೆ ಸಾಯುವುದು ಬೇರೆಯದೇ ಸಂಕಟ.

ಅತ್ತೆ ನನ್ನನ್ನು ನೋಡಿದರು. ಮಾತಾಡಿದ್ದು ಮಗನ ಜೊತೆ.

"ಇದು ದಮ್ಮು. ದಮ್ಮಿಗೆ ಎಣ್ಣಿ ಅಂದ್ರ ವಿಷ. ಇವತ್ತಿಂದ ಆಕಿ ತಾಟಿಗೆ ಎಣ್ಣಿ ಬಂದ್."

"ಡಾಕ್ಟರಿಗೆ ತೋರಸೂಣೇನವ್ವ?" ಅಂದರು ಇವರು.

"ತೋರಸು. ಎಣ್ಣಿ ಮಾತ್ರ ಬಂದ್."

ನಮ್ಮ ಕಡೆಯ ಊಟ ಗೊತ್ತಿಲ್ಲದವರಿಗೆ ಈ ಶಿಕ್ಷೆ ಏನೆಂದು ಹೇಳಬೇಕು. ಜೋಳದ ರೊಟ್ಟಿ, ಒಂದು ಪಲ್ಯ, ಹಿಂಡಿ. ಹಿಂಡಿ ಎಂದರೆ ಚಟ್ನಿಪುಡಿ: ಶೇಂಗಾದ್ದು, ಅಗಸೆಯದ್ದು, ಗುರೆಳ್ಳಿನದ್ದು. ತಾಟಿನಲ್ಲಿ ಹಿಂಡಿ ಹಾಕಿಕೊಂಡು, ನಡುವೆ ಬೆರಳಿನಿಂದ ಒಂದು ಗುಣಿ ಮಾಡಿ, ಅದರಲ್ಲಿ ಹಸಿ ಎಣ್ಣೆ ಬಿಟ್ಟುಕೊಂಡು, ರೊಟ್ಟಿಯ ಚೂರಿನಿಂದ ಕಲಸಿ ಉಣ್ಣುತ್ತೇವೆ. ಆ ಎಣ್ಣೆಯನ್ನು ತೆಗೆದುಬಿಟ್ಟರೆ ಉಳಿಯುವುದು ಖಾರದ ಧೂಳು. ದಮ್ಮು ಇದ್ದವಳ ಗಂಟಲಿಗೆ ಖಾರದ ಧೂಳು ಹೋದರೆ ಏನಾಗಬೇಕೋ ಅದೇ ಆಯಿತು. ಪ್ರತಿ ಊಟಕ್ಕೂ ಕೆಮ್ಮು. ಕೆಮ್ಮಿದಾಗಲೆಲ್ಲ ಅತ್ತೆ ಮಗನ ಕಡೆ ತಿರುಗಿ, "ನೋಡು, ಎಲ್ಲೋ ಕದ್ದು ಎಣ್ಣಿ ತಿಂದಾಳ," ಅನ್ನುತ್ತಿದ್ದರು. ಎಲಾ ಇವರ! ಎಣ್ಣೆ ಇಲ್ಲದೆ ಬಂದ ಕೆಮ್ಮಿಗೆ ಎಣ್ಣೆ ಕದ್ದ ಆರೋಪ. ನಾನು ಹಿಂಡಿ ಬಿಟ್ಟೆ. ಒಣ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗಿದೆ. ಒಂದು ದಿನವಲ್ಲ, ಆರು ವರ್ಷ.

ನನ್ನ ಅವ್ವನಿಗೆ ಇದು ಗೊತ್ತಾದಾಗ ನಾಲವಾರದಿಂದ ಒಂದು ಚೀಲ ಅಗಸೆ ಕಳಿಸಿದಳು. ಎಣ್ಣೆ ಕೊಡದಿದ್ದರೆ ಬೀಜವನ್ನಾದರೂ ಹುರಿದು ತಿನ್ನಲಿ ಎಂದು. "ಎದಿಗೆ ತಂಪ ಅದ, ಹುಡುಗಿ ತಿನ್ಲಿ," ಎಂದು ಹೇಳಿ ಕಳಿಸಿದ್ದಳು. ಅತ್ತೆ ಚೀಲ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ನೋಡಿದರು. "ಇದು ಎಣ್ಣಿ ಬೀಜ," ಅಂದರು. ಮರುದಿನದಿಂದ ಅದು ಎಮ್ಮೆಯ ಕಲಗಚ್ಚಿನಲ್ಲಿ ಬೆಂದಿತು. ನಮ್ಮ ಎಮ್ಮೆ ಆ ಚಳಿಗಾಲವೆಲ್ಲ ಮಿರಮಿರ ಮಿಂಚಿತು. ಅದಕ್ಕೆ ಒಂದು ದಿನವೂ ಕೆಮ್ಮು ಬರಲಿಲ್ಲ. ಗೋದಲಿಯ ಹತ್ತಿರ ಹೋಗಿ ನಾನು ಅದರ ಉಸಿರಾಟ ಕೇಳುತ್ತಾ ನಿಲ್ಲುತ್ತಿದ್ದೆ. ಏನು ನಿರಾಳ! ಎಮ್ಮೆಯ ಮೇಲೆ ನನಗೆ ಸಿಟ್ಟಿರಲಿಲ್ಲ, ಅದು ಪಾಪ ಸಿಕ್ಕಿದ್ದು ತಿಂದಿತ್ತು.

ಕೆಲವು ವರ್ಷದ ಮೇಲೆ ಊರಿನ ಡಾಕ್ಟರು ಒಂದು ನೀಲಿ ಪಂಪು ಬರೆದುಕೊಟ್ಟರು. ಬಾಯಿಗೆ ಹಿಡಿದು ಒತ್ತಿದರೆ ಔಷಧಿಯ ಗಾಳಿ ಒಳಗೆ ಹೋಗುತ್ತದೆ. ಮೊದಲ ಸಲ ಎಳೆದುಕೊಂಡಾಗ ಕಟ್ಟಿದ ಎದೆ ಐದು ನಿಮಿಷದಲ್ಲಿ ಬಿಚ್ಚಿತು. ನಾನು ಡಾಕ್ಟರ ಎದುರಿಗೇ ಅತ್ತುಬಿಟ್ಟೆ. ಇಷ್ಟು ಸಣ್ಣ ಡಬ್ಬಿಯಲ್ಲಿ ಇದು ಇಷ್ಟು ದಿನ ಎಲ್ಲಿತ್ತು ಎಂದು ಅತ್ತುಬಿಟ್ಟೆ.

ಮನೆಗೆ ತಂದೆ. ಅತ್ತೆಯವರು ಅದನ್ನು ದೂರದಿಂದಲೇ ನೋಡಿದರು.

"ಅದನ್ನ ಬಾಯಾಗ ಇಟ್ಕೋತೀಯೇನು?"

"ಹೌದ್ರಿ."

"ಪ್ರತಿ ಸಲ ತೊಳಿತೀಯೇನು?"

"ಇಲ್ರೀ, ಔಷಧಿ ಡಬ್ಬಿ ತೊಳಿಲಿಕ್ಕ ಬರಂಗಿಲ್ಲ."

"ಅಂದ್ರ ಎಂಜಲು. ಎಂಜಲು ಪೀಪಿ ಮನಿ ಒಳಗ ಬರೂದು ಬ್ಯಾಡ."

ಹೀಗೆ ನನ್ನ ಪಂಪಿಗೆ ಜಾಗ ಸಿಕ್ಕಿದ್ದು ತಲಬಾಗಿಲಿನ ಪಕ್ಕ, ಗೋಡೆಯಲ್ಲಿ ಚಪ್ಪಲಿ ಇಡುವ ಗೂಡಿನಲ್ಲಿ. ನನ್ನ ಉಸಿರು ನನ್ನ ಗಂಡನ ಚಪ್ಪಲಿಯ ಪಕ್ಕ ಕುಳಿತಿತು. ಅಡುಗೆಮನೆಯಿಂದ ಅಲ್ಲಿಗೆ ಇಪ್ಪತ್ತೆರಡು ಹೆಜ್ಜೆ. ನಿಮಗೆ ಇಪ್ಪತ್ತೆರಡು ಹೆಜ್ಜೆ ಏನೂ ಅಲ್ಲ. ಎದೆ ಕಟ್ಟಿದವಳಿಗೆ ಅದು ಸೇಡಂ ಊರಿಗೆ ನಡೆದಷ್ಟು ದಾರಿ. ಇವರು ನನ್ನ ಪರ ಒಂದು ಮಾತು ಆಡಲಿಲ್ಲ. "ಹೊರಗಿದ್ರೇನಾತು, ಔಷಧಿ ಅದೇ ಅಲಾ," ಅಂದರು.

ಇನ್ನು ಆ ದಿನದ ಮಾತು.

ಮಾವನ ಶ್ರಾದ್ಧ. ನಸುಕಿನಲ್ಲಿ ಎದ್ದು, ತಣ್ಣೀರು ಸುರಿದುಕೊಂಡು, ಮಡಿ ಸೀರೆ ಕಚ್ಚೆ ಹಾಕಿ ಉಟ್ಟು ಒಲೆ ಮುಂದೆ ಕುಳಿತಿದ್ದೆ. ಒಲೆಗೆ ಕಟ್ಟಿಗೆ, ಕಟ್ಟಿಗೆ ಹಸಿ. ಪಲ್ಯ, ಸಾರು, ಪಾಯಸ ಎಲ್ಲ ಮುಗಿದು ಕೊನೆಗೆ ವಡೆ. ಉದ್ದಿನ ಹಿಟ್ಟಿಗೆ ಮೆಣಸು ಕುಟ್ಟಿ ಹಾಕಿದ ವಡೆ, ಶ್ರಾದ್ಧಕ್ಕೆ ಅದು ಬೇಕೇ ಬೇಕು. ಕಾಯ್ದ ಎಣ್ಣೆಯ ಹೊಗೆ, ಕಟ್ಟಿಗೆಯ ಹೊಗೆ, ಮೆಣಸಿನ ಘಾಟು. ನೋಡಿರಿ, ಆರು ವರ್ಷ ನನ್ನ ತಾಟಿಗೆ ಒಂದು ಹನಿ ಎಣ್ಣೆ ಬಿಡದವರು ನನ್ನನ್ನು ಕೂರಿಸಿದ್ದು ಒಂದು ಬಾಣಲೆ ಎಣ್ಣೆಯ ಮುಂದೆ. ತಿಂದರೆ ದಮ್ಮು ಬರುತ್ತದೆ, ಮೂಗಿಗೆ ಹೊಗೆ ಕುಡಿದರೆ ಬರುವುದಿಲ್ಲ!

ಅರ್ಧದಷ್ಟು ವಡೆ ಕರಿಯುವಷ್ಟರಲ್ಲಿ ಸೀಟಿ ಶುರುವಾಯಿತು. ಪಡಸಾಲೆಯಲ್ಲಿ ಬ್ರಾಹ್ಮಣರು ಬಂದು ಕುಳಿತಿದ್ದರು. ಸನ್ನತಿ ಕಡೆಯಿಂದ ಬರುತ್ತಿದ್ದ ವಯಸ್ಸಾದ ಆಚಾರ್ಯರೊಬ್ಬರು ಅವರಲ್ಲಿ ಹಿರಿಯರು. ಇವರು ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಸಂಕಲ್ಪ ಮಾಡಿಯಾಗಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಅತ್ತೀ... ಪಂಪು..." ಅಂದೆ.

ಅವರು ಒಲೆ ನೋಡಿದರು. ಹಿಟ್ಟಿನ ಪಾತ್ರೆ ನೋಡಿದರು. ನನ್ನ ಮುಖ ನೋಡಲಿಲ್ಲ.

"ಅದನ್ನ ಮುಟ್ಟಿದ್ರ ಅಡಿಗಿ ಪೂರಾ ಹೋತು. ಬ್ರಾಹ್ಮಣರು ಹಸದು ಕುಂತಾರ. ಇನ್ನ ಹತ್ತು ವಡಿ ಅವ, ಕರದು ಹೋಗು."

ಇನ್ನ ಹತ್ತು ವಡಿ. ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಾನು ಕರಿದೆ. ಹೌದು, ಕರಿದೆ! ನನ್ನ ಮೇಲೆ ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ. ಒಂದು. ಎರಡು. ಮೂರು. ನಾಲ್ಕನೆಯದನ್ನು ಎಣ್ಣೆಗೆ ಬಿಡುವಾಗ ಕೈಯಲ್ಲಿದ್ದ ಜಾಲರಿ ಸೌಟು ಕೆಳಗೆ ಬಿತ್ತು. ಕಣ್ಣಿನ ಸುತ್ತ ಕಪ್ಪಾಯಿತು. ಶಬ್ದ ಕೇಳಿ ಇವರು ಎದ್ದು ಬಂದರು, ಅಡುಗೆಮನೆಯ ಹೊಸ್ತಿಲವರೆಗೆ ಬಂದರು. "ನೀ ಎಲ್ಲೂ ಮುಟ್ಟಬ್ಯಾಡ, ಸಂಕಲ್ಪ ಆಗ್ಯದ," ಅಂದರು ಅತ್ತೆ. ಇವರು ಬೆರಳಿನ ಪವಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪವಿತ್ರ ನೋಡಿದರು. ನಿಂತೇ ಇದ್ದರು.

ಆಗ ಎದ್ದವರು ಆಚಾರ್ಯರು. ಪಿತೃಸ್ಥಾನದಲ್ಲಿ ಕೂರಿಸಿ ಕಾಲು ತೊಳೆದಿದ್ದ ಬ್ರಾಹ್ಮಣರು, ಎಲೆಯ ಮುಂದಿನಿಂದ ಎದ್ದು, ತಲಬಾಗಿಲಿಗೆ ಹೋಗಿ, ಚಪ್ಪಲಿ ಗೂಡಿಗೆ ಕೈ ಹಾಕಿ, ಪಂಪು ತಂದು ನನ್ನ ಕೈಯಲ್ಲಿಟ್ಟರು.

"ಎಳಕೋ ತಂಗಿ. ಪಿತೃಗಳಿಗೆ ಹಸಿವಿ ತಡಕೊಳ್ಳೂದು ಗೊತ್ತದ."

ನಾಲ್ಕು ಸಲ ಎಳೆದೆ. ನಂತರ ಯಾರೋ ರಿಕ್ಷಾ ತಂದರು, ದವಾಖಾನೆಯಲ್ಲಿ ಸೂಜಿ ಹಾಕಿದರು, ಬದುಕಿದೆ. ಮಧ್ಯಾಹ್ನ ಮೀರಿ ಮನೆಗೆ ಬಂದಾಗ ಅತ್ತೆ ಮತ್ತೆ ಸ್ನಾನ ಮಾಡಿ, ಮತ್ತೆ ಒಲೆ ಹಚ್ಚಿ, ಇಡೀ ಅಡುಗೆ ಒಬ್ಬರೇ ಮಾಡಿ ಮುಗಿಸಿದ್ದರು. ಆರಾಮ ಆತೇನು ಎಂದು ಕೇಳಲಿಲ್ಲ. "ಮುಂಜಾನಿಂದ ಮಾಡಿದ್ದೆಲ್ಲ ಮಣ್ಣಪಾಲ ಆತು," ಅಂದರು. ನಾನು ಗೋಡೆಗೆ ಒರಗಿ ಕುಳಿತು ಅವರ ಬೆನ್ನನ್ನೇ ನೋಡುತ್ತಿದ್ದೆ. ನಿಮ್ಮ ಸಲುವಾಗಿ ನಾನು ಸಾಯುವುದಿಲ್ಲ ಅತ್ತೆ, ನಿಮ್ಮ ಸಲುವಾಗಿಯೇ ಬದುಕುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮುಂದಿನ ವಾರ ಇವರು ತಾವಾಗಿಯೇ ನನ್ನನ್ನು ಶಹಾಬಾದಿಗೆ ಕರೆದುಕೊಂಡು ಹೋದರು. ಅಲ್ಲಿ ಎದೆಯ ರೋಗ ನೋಡುವ ಒಬ್ಬ ಡಾಕ್ಟರ್ ಬಾಯಿ, ಅಂದರೆ ಹೆಣ್ಣು ಡಾಕ್ಟರು, ಇದ್ದಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರಂತೆ.

ಆ ದವಾಖಾನೆಯ ಹೊರಗೆ ಪರ್ಸಿ ಕಲ್ಲಿನ ಉದ್ದನೆಯ ಕಟ್ಟೆ. ಅದರ ಮೇಲೆ ಕುಳಿತವರೆಲ್ಲ ಕಲ್ಲಿನ ಖಣಿಯಲ್ಲಿ ದುಡಿಯುವವರು, ಎಲ್ಲರಿಗೂ ಕೆಮ್ಮು. ನಾನು ಇಷ್ಟು ವರ್ಷ ಒಬ್ಬಳೇ ಕೆಮ್ಮಿದವಳು. ಅಲ್ಲಿ ಇಪ್ಪತ್ತು ಮಂದಿ ಕೆಮ್ಮುತ್ತಿದ್ದರು, ಯಾರೂ ಯಾರ ಕಡೆಗೂ ತಿರುಗಿ ನೋಡುತ್ತಿರಲಿಲ್ಲ. ನನಗೆ ಹಾಯೆನಿಸಿತು. ಕಲ್ಲು ಹೊರುವ ಶರಣಮ್ಮ ಎಂಬಾಕೆ ಸರಿದು ಜಾಗ ಕೊಟ್ಟಳು.

"ಕುಂದ್ರಿ ಅಕ್ಕೋರೆ. ನಿಮಗೂ ಅದೇ ಏನು?"

"ಅದೇ."

ಮಾತಾಡುತ್ತಲೇ ಅವಳು ಸೊಂಟಕ್ಕೆ ಸಿಕ್ಕಿಸಿದ ಸಂಚಿ ಬಿಚ್ಚಿದಳು. ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಒಂದು ಪದರಿನಲ್ಲಿ ಎಲೆ, ಒಂದರಲ್ಲಿ ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಪಂಪು! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನನ್ನದು ಎಲ್ಲಿದೆ ಎಂದು ಕೇಳಿದಳು. ಚಪ್ಪಲಿ ಗೂಡಿನ ಕಥೆ ಹೇಳಿದೆ. ಅವಳು ನಕ್ಕಳು, ನಗುತ್ತಾ ಕೆಮ್ಮಿದಳು, ಆಮೇಲೆ ನಗು ನಿಲ್ಲಿಸಿದಳು.

"ಮನಿಗೆ ಹೋಗಿ ಮೊದಲ ಸಂಚಿ ಹೊಲಕೋರಿ. ಉಸಿರು ಸೊಂಟದಾಗ ಇರಬೇಕು, ಗ್ವಾಡ್ಯಾಗ ಅಲ್ಲ."

ಡಾಕ್ಟರ್ ಬಾಯಿ ಬೆನ್ನಿಗೆ ಕೊಳವೆ ಹಚ್ಚಿ ಭಾಳ ಹೊತ್ತು ಕೇಳಿದರು. ದಿನಾ ಎಳೆದುಕೊಳ್ಳಬೇಕಾದ ಇನ್ನೊಂದು ಪಂಪು ಬರೆದರು. ನೀಲಿಯದು ಎದೆ ಕಟ್ಟಿದಾಗ, ಇದು ಕಟ್ಟದಿರಲಿ ಎಂದು. ಕೊನೆಗೆ ಊಟ ಕೇಳಿದರು. ಹೇಳಿದೆ. ಅವರ ಪೆನ್ನು ನಿಂತಿತು.

"ಎಣ್ಣಿ ಯಾರು ಬಂದ್ ಮಾಡಿದ್ರು?"

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು.

"ನೋಡ್ರಿ ಬಾಯಿ, ಎಣ್ಣಿ ತಿಂದ್ರ ದಮ್ಮು ಬರ್ತದ ಅಂಬೂದು ಸುಳ್ಳು. ಉಸಿರಿನ ಕೊಳವಿ ಒಳಗ ಬಾವು ಬರ್ತದ, ಅದು ದಮ್ಮು. ಅಗಸಿ ಎಣ್ಣಿಯೊಳಗ ಒಂದು ನಮೂನಿ ಕೊಬ್ಬಿನ ಆಮ್ಲ ಅದ. ಅದು ಮೈಯಾಗ ಹೋಗಿ, ಬಾವು ಎಬ್ಬಸೂ ಪದಾರ್ಥ ಕಮ್ಮಿ ಆಗೂಹಂಗ ಮಾಡಬಹುದು ಅಂತ ಓದೀನಿ."

ಎಮ್ಮೆಗೆ ಹಾಕಿದ ಅಗಸೆ! ಅವ್ವ ಕಳಿಸಿದ ಚೀಲ!

"ಹಂಗಾದ್ರ ಅದು ಔಷಧಿ ಅಂತ ಬರದುಕೊಡ್ರಿ. ದೊಡ್ಡ ಅಕ್ಷರದಾಗ ಬರದುಕೊಡ್ರಿ," ಅಂದೆ. ಆ ಕಾಗದವನ್ನು ಅತ್ತೆಯ ಮುಖಕ್ಕೆ ಹಿಡಿಯುವುದು ಆಗಲೇ ನನ್ನ ಕಣ್ಣಿಗೆ ಕಾಣುತ್ತಿತ್ತು.

ಡಾಕ್ಟರ್ ಬಾಯಿ ಕನ್ನಡಕ ತೆಗೆದರು.

"ಮಾಡಬಹುದು ಅಂದೆ. ಮಾಡ್ತದ ಅನ್ಲಿಲ್ಲ. ಎದಿ ತಟ್ಟಿ ಹೇಳೂವಷ್ಟು ನನಗಿನ್ನ ಗೊತ್ತಿಲ್ಲ. ಎಲ್ಲಾ ಎಣ್ಣಿನೂ ಒಂದೇ ಅಲ್ಲ, ಕುಸುಬಿ ಎಣ್ಣಿದು ಬ್ಯಾರೆ ನಮೂನಿ, ಅದರ ಬಗ್ಗೆ ನಾ ಹಿಂಗ ಹೇಳಂಗಿಲ್ಲ. ಅಗಸಿ ಊಟದಾಗ ತಿನ್ರಿ, ಛಲೋ ಅದ. ಔಷಧಿ ಅಂದ್ರ ಪಂಪು. ಅದನ್ನ ಬಿಡಬ್ಯಾಡ್ರಿ."

ನನಗೆ ಅವರ ಮೇಲೂ ಸಿಟ್ಟು ಬಂತು. ಒಂದು ಸುಳ್ಳು ಬರೆದುಕೊಟ್ಟರೆ ಅವರ ಗಂಟೇನು ಹೋಗುತ್ತಿತ್ತು! ಅವರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು, ಏನೋ ತಿಳಿದುಕೊಂಡರು. ಚೀಟಿಯ ಕೆಳಗೆ, ಸೊಟ್ಟ ಸೊಟ್ಟ ಕನ್ನಡ ಅಕ್ಷರದಲ್ಲಿ ಒಂದು ಸಾಲು ಬರೆದರು. "ಊಟ: ಮನೆಯವರು ಏನು ಉಣ್ಣುತ್ತಾರೋ ಅದೇ."

ಅದಕ್ಕಿಂತ ದೊಡ್ಡ ಆಯುಧ ನನಗೆ ಬೇಕಿರಲಿಲ್ಲ. ಆ ಚೀಟಿಯನ್ನು ಅನ್ನದ ಗಂಜಿ ಹಚ್ಚಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅತ್ತೆ ಓದಬಲ್ಲವರು. ಓದಿದರು. ಹರಿಯಲಿಲ್ಲ.

ಎರಡು ದಿನದ ಮೇಲೆ ಇವರು ಸೇಡಂಗೆ ಕೆಲಸದ ಮೇಲೆ ಹೋದವರು, ಅಲ್ಲಿನ ಗಾಣದಿಂದ ಒಂದು ಬಾಟಲಿ ಅಗಸೆ ಎಣ್ಣೆ ತಂದರು. ತಂದು ನನ್ನ ಕೈಗೆ ಕೊಟ್ಟು, "ಒಳಗ ಇಟಗೋ, ಅವ್ವಗ ಕಾಣ್ಸಬ್ಯಾಡ," ಎಂದು ಪಿಸುಗುಟ್ಟಿದರು. ಅಷ್ಟಕ್ಕೆ ಬಿಡುತ್ತೇನೆಯೇ? ಊಟದ ಹೊತ್ತಿಗೆ ಅತ್ತೆ ಎದುರು ಕುಳಿತಿರುವಾಗಲೇ ಬಾಟಲಿ ತಂದು ಇವರ ಮುಂದಿಟ್ಟೆ. ತಾಟಿನಲ್ಲಿ ಹಿಂಡಿ ಹಾಕಿಕೊಂಡು ಗುಣಿ ಮಾಡಿದೆ.

"ಹಾಕ್ರಿ," ಅಂದೆ.

"ನೀನೇ ಹಾಕ್ಕೋ."

"ನೀವೇ ಹಾಕ್ರಿ. ನಿಮ್ಮ ಕೈಲೇ ಬೀಳಬೇಕು."

ಇವರು ಬಾಟಲಿ ಎತ್ತಿ ಬಗ್ಗಿಸಿದರು. ಅಂದು ಹೊಸ್ತಿಲಲ್ಲೇ ಮುಂದೆ ಚಾಚಬೇಕಿದ್ದ ಕೈ ಅದು. ಎಣ್ಣೆ ಗುಣಿ ತುಂಬಿ ತಾಟಿಗೆ ಹರಿಯಿತು. ನಾನು ಅತ್ತೆಯ ಮುಖ ನೋಡುತ್ತಾ, ಒಂದೊಂದು ತುತ್ತನ್ನೂ ನಿಧಾನವಾಗಿ ಅಗಿದು ಉಂಡೆ. ಅಗಸೆ ಎಣ್ಣೆಗೆ ಒಂದು ಕಹಿ ವಾಸನೆ ಇರುತ್ತದೆ, ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಅಂದು ಅಮೃತ. ಆರು ವರ್ಷದ ಮೇಲೆ ಮೊದಲ ಸಲ ಹಿಂಡಿ ತಿಂದು ಕೆಮ್ಮಲಿಲ್ಲ.

ಹಳೆಯ ಮುಕಟದ ಚೂರಿನಿಂದ ಸಂಚಿ ಹೊಲಿದುಕೊಂಡೆ. ಮುಕಟ ಅಂದರೆ ಮಡಿಗೆ ಉಡುವ ರೇಷ್ಮೆ ಬಟ್ಟೆ, ಅದಕ್ಕೆ ಮೈಲಿಗೆ ಇಲ್ಲ ಎನ್ನುವುದು ಅತ್ತೆಯದೇ ಮಾತು. "ಎಂಜಲು ಪೀಪಿ ಮುಕಟದಾಗ ಇಟ್ರ ಮಡಿ ಆಗ್ತದೇನು?" ಎಂದು ಕೇಳಿದರು. "ನೀವೇ ಹೇಳ್ರಿ ಅತ್ತಿ, ಮುಕಟಕ್ಕ ಮೈಲಿಗಿ ಅದನೋ ಇಲ್ಲೋ?" ಎಂದೆ. ಅಂದಿನಿಂದ ಪಂಪು ನನ್ನ ಸೊಂಟದಲ್ಲಿ, ಎಲ್ಲರಿಗೂ ಕಾಣುವಂತೆ.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೂರು ನಾಲ್ಕು ತಿಂಗಳಲ್ಲಿ ಎದೆ ತಿಳಿಯಾಯಿತು. ಸಾಲಿಯಲ್ಲಿ ಕೆಲಸ ಸಿಕ್ಕಿ ದಿನಾ ನಡೆದು ಹೋಗಿ ಬರುತ್ತಿದ್ದೆ. ಆಗ ನನ್ನ ತಲೆಗೆ ಒಂದು ಹುಚ್ಚು ಹೊಕ್ಕಿತು. ಪಂಪಿನಿಂದ ಆರಾಮಾದರೆ ಅದರಲ್ಲಿ ಅತ್ತೆಗೆ ಏನು ಸೋಲು? ಎಣ್ಣೆಯೊಂದರಿಂದಲೇ ಆರಾಮಾಗಬೇಕು. ಎಣ್ಣೆ ಬಂದ್ ಮಾಡಿದ್ದೇ ನನ್ನ ಕಾಯಿಲೆ ಎಂದು ಆ ಹೆಂಗಸಿನ ಎದುರು ತೋರಿಸಬೇಕು. ದಿನದ ಪಂಪು ಬಿಟ್ಟೆ. ಎಣ್ಣೆಯನ್ನು ಎರಡು ಪಟ್ಟು ಮಾಡಿದೆ. ಮೊದಲ ಮೂರು ವಾರ ಏನೂ ಆಗಲಿಲ್ಲ. ನಾನು ಎದೆ ಸೆಟೆದು ಓಡಾಡಿದೆ.

ಆರನೆಯ ವಾರ ನಾಲವಾರಕ್ಕೆ ಹೊರಟು ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ, ಮೇಲ್ಸೇತುವೆಯ ಮೆಟ್ಟಿಲ ನಡುವೆ ಎದೆ ಕಟ್ಟಿತು. ಜನ ಆಚೆ ಈಚೆ ಹರಿದು ಹೋಗುತ್ತಿದ್ದರು. ಕಂಬಿ ಹಿಡಿದು ಕುಳಿತೆ. ಸಂಚಿ ಬಿಚ್ಚಲು ಬೆರಳು ಕೇಳಲಿಲ್ಲ. ಗುರುತಿಲ್ಲದ ಒಬ್ಬ ಹೆಂಗಸು ತನ್ನ ಗಂಟು ಇಳಿಸಿ, ದಾರ ಎಳೆದು ಪಂಪು ತೆಗೆದುಕೊಟ್ಟಳು, ಗಾಡಿ ತಪ್ಪಿದರೂ ಪಕ್ಕದಲ್ಲಿ ಕುಳಿತಳು. ಅವಳ ಹೆಸರು ಕೇಳುವಷ್ಟು ಉಸಿರು ನನಗಿರಲಿಲ್ಲ.

ಶಹಾಬಾದಿನ ಡಾಕ್ಟರ್ ಬಾಯಿ ಬೈದರು. ಅಷ್ಟು ಬೈಗುಳ ಅತ್ತೆಯಿಂದಲೂ ನಾನು ತಿಂದಿಲ್ಲ.

"ಯಾರಿಗೆ ಶಿಕ್ಷಾ ಕೊಡ್ಲಿಕ್ಕ ಹೋಗಿದ್ರಿ? ಅವರು ಮನ್ಯಾಗ ಆರಾಮ ಕುಂತಾರ. ಸಾಯೂಕಿ ನೀವು. ಬಾವು ಇಳಸೂ ಔಷಧಿ ಬಿಟ್ಟು ಎಣ್ಣಿ ಕುಡಿರಿ ಅಂತ ನಾ ಯಾವಾಗ ಹೇಳಿದ್ದೆ?"

ಅವರು ಹೇಳಿರಲಿಲ್ಲ. ಸೇಡು ಹೇಳಿತ್ತು. ಓದುವವರೇ, ಇದನ್ನು ಮಾತ್ರ ನನ್ನಿಂದ ಕಲಿಯಬೇಡಿರಿ. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿದ್ದರೆ ಪಂಪು ಎಳೆದುಕೊಂಡು ತೀರಿಸಿಕೊಳ್ಳಿರಿ. ಅಂದಿನಿಂದ ಎರಡೂ ಬಿಟ್ಟಿಲ್ಲ. ಅಗಸೆ ನನಗೆ ಎಷ್ಟು ಕೆಲಸ ಮಾಡಿತು, ಪಂಪು ಎಷ್ಟು ಮಾಡಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಪಂಪು ಬಿಟ್ಟಾಗ ಏನಾಯಿತು ಎನ್ನುವುದು ಗೊತ್ತು. ಅಗಸೆ ತಿಂದ ಚಳಿಗಾಲಗಳು ಸ್ವಲ್ಪ ಹಗುರ ಅನಿಸಿವೆ, ಅಷ್ಟೇ. ಆಗಬಹುದು ಎನ್ನುವುದನ್ನು ನಾನು ಆಗಬಹುದು ಎಂದೇ ಹೇಳುತ್ತೇನೆ.

ಅತ್ತೆ ಕೊನೆಯ ವರ್ಷ ಹಾಸಿಗೆ ಹಿಡಿದರು. ಸೇವೆ ಮಾಡಿದೆ. ಊಟ ಹಾಕಿದೆ, ಎಣ್ಣೆ ಹಾಕಿಯೇ ಹಾಕಿದೆ, ಅವರಂತೆ ನಾನು ಮಾಡಲಿಲ್ಲ. ಆದರೆ ಅದನ್ನು ಪ್ರೀತಿ ಎಂದು ಯಾರೂ ತಿಳಿಯಬಾರದು. ಅವರಿಗಿಂತ ನಾನು ಮೇಲು ಎಂದು ಪ್ರತಿ ದಿನ ಅವರಿಗೆ ಕಾಣಿಸಬೇಕಿತ್ತು.

ಒಂದು ಮಧ್ಯಾಹ್ನ ಅವರ ಹಾಸಿಗೆಯ ಪಕ್ಕವೇ ನನಗೆ ಕೆಮ್ಮು ಬಂತು. ಸಂಚಿಯಿಂದ ಪಂಪು ತೆಗೆದು ಎಳೆದುಕೊಂಡೆ. ಅವರು ಕಣ್ಣು ಕೀಳದೆ ನೋಡಿದರು.

"ಚಿಂಚೋಳ್ಯಾಗ, ತವರಮನ್ಯಾಗ, ನಮ್ಮ ತಮ್ಮ ಇದ್ದ," ಅಂದರು. "ಏಳು ವರ್ಷದಂವ. ಹಬ್ಬದ ಕರಗಡಬ ತಿಂದ ದಿನಾನೇ ಉಬ್ಬಸ ಬಂದು ಹೋದ. ಎಣ್ಣಿದು ತಿಂದೇ ಹೋದ ಅಂದ್ರು ಎಲ್ಲಾರೂ." ಆಮೇಲೆ ಪಂಪಿನ ಕಡೆ ಬೆರಳು ತೋರಿಸಿ, "ಅವಗ ಇದು ಇದ್ದಿದ್ರ..." ಅಂದರು.

ಮುಂದೆ ನನ್ನ ಬಾಯಿಂದ ಇದನ್ನು ಕೇಳಿದ ನನ್ನ ಅವ್ವ, "ಅದೇ ಆಕಿ ತಪ್ಪಾತು ಅಂದಂಗ ಅಲ್ಲೇನ?" ಎಂದು ಕಣ್ಣೊರೆಸಿಕೊಂಡಳು. ಅಲ್ಲ. ಆ ಮಾತು ಅವರು ತಮ್ಮನಿಗೆ ಹೇಳಿದ್ದು, ನನಗಲ್ಲ. ಆ ಹುಡುಗನಿಗಾಗಿ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಉಬ್ಬಸದಲ್ಲಿ ಒಬ್ಬರನ್ನು ಕಣ್ಣಾರೆ ಕಳೆದುಕೊಂಡವರು ಇನ್ನೊಬ್ಬಳಿಗೆ ಇನ್ನ ಹತ್ತು ವಡಿ ಎಂದು ಹೇಗೆ ಅಂದರು? ಕಾರಣ ಗೊತ್ತಾದ ಮೇಲೆ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು.

ಅವರು ಹೋದರು. ವರ್ಷ ತುಂಬಿ ಅವರ ಶ್ರಾದ್ಧ ಬಂತು.

ನಸುಕಿನಲ್ಲಿ ಎದ್ದು ಸ್ನಾನ ಮಾಡಿ ಮಡಿ ಉಟ್ಟೆ. ಅಡುಗೆ ನಾನೇ ಮಾಡುತ್ತೇನೆ ಎಂದೆ. ಇವರು ಹೆದರಿದರು. "ಅಡಿಗಿಯವರನ್ನ ಕರಸ್ತೀನಿ, ನಿನಗ ಹೊಗಿ ಆಗಂಗಿಲ್ಲ," ಅಂದರು. ಬೇಡ ಎಂದೆ. ಈಗ ಮನೆಯಲ್ಲಿ ಗ್ಯಾಸಿನ ಒಲೆ ಇತ್ತು, ಕಿಟಕಿ ದೊಡ್ಡದು ಮಾಡಿಸಿದ್ದೆ, ದಿನದ ಪಂಪು ಎಳೆದುಕೊಂಡಿದ್ದೆ. ಸೊಂಟದಲ್ಲಿ ಮುಕಟದ ಸಂಚಿ ಇತ್ತು. ಗಟ್ಟಿಮುಟ್ಟಾಗಿಯೇ ಇದ್ದೆ. ಅತ್ತೆಗೆ ಬೇಕಾದ್ದೆಲ್ಲ ಮಾಡಿದೆ, ಒಂದೂ ಕಡಿಮೆ ಆಗದಂತೆ ಮಾಡಿದೆ. ಕೊನೆಗೆ ಬಾಣಲೆ ಇಟ್ಟು ವಡೆ ಕರಿಯಲು ಕುಳಿತೆ.

ಹಿಟ್ಟು ತಳ ಕಂಡಾಗ ಎಣಿಸಿದೆ. ಹತ್ತು ವಡೆಯ ಹಿಟ್ಟು ಉಳಿದಿತ್ತು. ನನ್ನ ಎದೆಯಲ್ಲಿ ಸಣ್ಣಗೆ, ಎಳೆಯಷ್ಟು ಸೀಟಿ. ಇನ್ನೂ ಹತ್ತನ್ನು ಸುಲಭವಾಗಿ ಕರಿಯಬಹುದಿತ್ತು.

ಒಲೆ ಆರಿಸಿದೆ.

ಮಣೆಯ ಮೇಲೆ ಕುಳಿತು, ಪಡಸಾಲೆಗೆ ಕಾಣುವಂತೆ ಸಂಚಿ ಬಿಚ್ಚಿ, ಪಂಪು ಅಲ್ಲಾಡಿಸಿ, ಒಂದು ಸಲ ಎಳೆದುಕೊಂಡೆ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಗೋಡೆಗೆ ಒರಗಿದೆ. ಬ್ರಾಹ್ಮಣರು ಬಂದು ಕುಳಿತು, ಎಲೆ ಹಾಕಿ ಆಗಿತ್ತು. ಇವರು ಪವಿತ್ರದ ಬೆರಳು ಮೇಲೆತ್ತಿಕೊಂಡು ಹೊಸ್ತಿಲಿಗೆ ಬಂದು ಏನೋ ಹೇಳಲು ಬಾಯಿ ತೆರೆದರು. ಅವರ ಹಿಂದಿನಿಂದ, ಈಗ ಕಣ್ಣು ಮಂಜಾದ ಆ ಹಳೆಯ ಆಚಾರ್ಯರ ಧ್ವನಿ ಬಂತು.

"ಆಗ್ಲಿ, ಸಾವಕಾಶ ಆಗ್ಲಿ. ಗಡಬಡಿ ಏನದ."

ಗಡಬಡಿ ಏನೂ ಇರಲಿಲ್ಲ. ಗೋಡೆಯ ಗಡಿಯಾರ ನೋಡುತ್ತಾ, ಬಂದ ಗಾಳಿಯನ್ನೆಲ್ಲ ಪೂರ್ತಿ ಹೊರಗೆ ಬಿಡುತ್ತಾ, ಅರ್ಧ ಗಂಟೆ ಕುಳಿತೆ. ಸೀಟಿ ಹೋಗಿ ಭಾಳ ಹೊತ್ತಾಗಿತ್ತು. ಆದರೂ ಕುಳಿತೆ. ಅತ್ತೆ ಎಲ್ಲಿದ್ದರೂ ಇವತ್ತು ಈ ಮನೆಗೆ ಬಂದೇ ಬರಬೇಕು, ಹಸಿದೇ ಬರಬೇಕು, ಅಡುಗೆಮನೆಯ ಬಾಗಿಲಲ್ಲೇ ನಿಂತಿರಬೇಕು. ಆ ಬಾಗಿಲ ಕಡೆ ನೋಡಿ, ಅವರಿಗೊಬ್ಬರಿಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದೆ.

"ಇನ್ನ ಹತ್ತು ವಡಿ ಅವ ಅತ್ತಿ. ತಡೀರಿ."